ಮುದುಕಿಯ ಕೊನೇ ಹನಿ

"ಅಲ್ಲ ಕಣೇ, ಒಂದು ಮೊಲಕ್ಕೆ ಗೊತ್ತಾಗಿರೋದು ನಿಮಗೆ ಇಷ್ಟು ಜನಕ್ಕೂ ಗೊತ್ತಾಗಿಲ್ಲ ಅಂದ್ರೆ, ನಿನ್ನ ಜಾಗದಲ್ಲಿ ಆ ಮೊಲವನ್ನೇ ಕೂರಿಸ್ಬಹುದಿತ್ತಲ್ಲ?"

ಅತ್ತೆ ಹೀಗೆ ಕೇಳಿದ್ದು ಪ್ರಯೋಗಾಲಯದ ನೆಲದ ಮೇಲೆ ಬಳಿದಿದ್ದ ಹಳದಿ ಗೆರೆಯ ಆಚೆಯಿಂದ. ಗೆರೆ ದಾಟಿ ಒಳಗೆ ಬರಬೇಕಾದರೆ ಬಿಳಿ ಕೋಟು, ಕೈಗವಸು ಬೇಕು. ಆಚೆ ಯಾರು ಬೇಕಾದರೂ ಕೂರಬಹುದು. ಅತ್ತೆ ಚಕ್ರವಿರುವ ಹಳೇ ಆಫೀಸು ಕುರ್ಚಿಯೊಂದರಲ್ಲಿ ಕೂತು, ಕಾಲ್ಬೆರಳು ಗೆರೆಗೆ ಮುಟ್ಟಿಯೂ ಮುಟ್ಟದ ಹಾಗೆ ಚಾಚಿಕೊಂಡಿದ್ದರು. ಒಂದು ಕಾಲಲ್ಲಿ ನೀಲಿ ಚಪ್ಪಲಿ, ಇನ್ನೊಂದರಲ್ಲಿ ಕಂದು. ಬೆಳಿಗ್ಗೆ ಕಸದ ಚೀಲ ಹಾಕಿ ಬರೋಣವೆಂದು ಕಾಲಿಗೆ ಸಿಕ್ಕಿದ್ದನ್ನು ಮೆಟ್ಟಿಕೊಂಡು ಹೊರಗೆ ಬಂದಿದ್ದರು. ಹಿಂದೆ ಬಾಗಿಲು ದಢಾರನೆ ಹಾಕಿಕೊಂಡಿತ್ತು. ಮಗ ಲಿಫ್ಟ್ ರಿಪೇರಿಯವನು, ಯಾವುದೋ ಕಟ್ಟಡದ ಹೊಂಡಕ್ಕಿಳಿದಿದ್ದ, ಫೋನು ಸಿಗಲಿಲ್ಲ. ಇನ್ನೊಂದು ಬೀಗದ ಕೈ ಇದ್ದದ್ದು ಸೊಸೆಯ ಚೀಲದಲ್ಲಿ. ಅದೇ ಅವತಾರದಲ್ಲಿ ನಡೆದೇ ಬಂದುಬಿಟ್ಟಿದ್ದರು. ಬೀಗದ ಕೈ ಸಿಕ್ಕಿ ಎಷ್ಟೋ ಹೊತ್ತಾಗಿತ್ತು. ಎದ್ದು ಹೋಗುವ ಲಕ್ಷಣವೇ ಇರಲಿಲ್ಲ.

"ಬಂದದ್ದು ಬಂದೆ. ನೀನು ದಿನಾ ಊಟದ ಹೊತ್ತಲ್ಲಿ ನನ್ನ ತಲೆ ತಿನ್ನೋ ಆ ಆಂಟಿಬಾಡಿ ಮುಖ ನೋಡ್ಕೊಂಡೇ ಹೋಗ್ತೀನಿ" ಎಂದಿದ್ದರು.

ಸೊಸೆಯನ್ನು ಚಿಕ್ಕಂದಿನಿಂದಲೂ ಎಲ್ಲರೂ ಪಾದರಸ ಎಂದೇ ಕರೆಯುತ್ತಿದ್ದರು. ಕೂತಲ್ಲಿ ಕೂರಳು, ನಿಂತಲ್ಲಿ ನಿಲ್ಲಳು. ಮದುವೆಯಾಗಿ ಬಂದ ಮೇಲೆ ಅತ್ತೆಯ ಬಾಯಿಗೂ ಅದೇ ಹತ್ತಿತು. ಹೇಗೋ ಸುದ್ದಿ ಪ್ರಯೋಗಾಲಯಕ್ಕೂ ಮುಟ್ಟಿ ಇಲ್ಲೂ ಅದೇ ಹೆಸರಾಯಿತು. ಅವಳಿಗೆ ಇನ್ನೊಂದು ವಿಚಿತ್ರ ಕಾಯಿಲೆ: ಹೆದರಿಕೆಯಾದಷ್ಟೂ ನಗು ಬರುವುದು. ಪರೀಕ್ಷೆಯ ಕೋಣೆಯಲ್ಲಿ ನಕ್ಕು ಹೊರಗೆ ಹಾಕಿಸಿಕೊಂಡಿದ್ದಳು. ಹಲ್ಲು ಕೀಳಿಸಿಕೊಳ್ಳುವಾಗ ನಕ್ಕು ಡಾಕ್ಟರ ಬೆರಳು ಕಚ್ಚಿದ್ದಳು. ಈ ದಿನ ಬೆಳಗಿನಿಂದ ಅವಳ ನಗು ನಿಂತೇ ಇರಲಿಲ್ಲ ಎಂದರೆ ಒಳಗೆ ಭಯ ಎಷ್ಟಿತ್ತೆಂದು ನೀವೇ ಊಹಿಸಿಕೊಳ್ಳಿ.

ಭಯಕ್ಕೆ ಕಾರಣವೂ ಇತ್ತು. ನಮ್ಮ ಮೈಯೊಳಗಿನ ಜೀವಕೋಶಗಳು ತಮ್ಮ ಪಾಡಿಗೆ ತಾವು ಕೂತಿರುತ್ತವೆ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಎಲ್ಲಿ ಕೂರುತ್ತವೆ! ಬೆರಳು ಕುಯ್ದುಕೊಂಡರೆ ಸಾಕು, ಅಕ್ಕಪಕ್ಕದ ಕೋಶಗಳು ಅಗಲವಾದ ಒಂದೊಂದು ಪಾದ ಮುಂದಕ್ಕೆ ಚಾಚಿ, ತೆವಳಿಕೊಂಡು ಬಂದು ಗಾಯ ಮುಚ್ಚುತ್ತವೆ. ಪಾದವನ್ನು ಯಾವ ಕಡೆಗೆ ಚಾಚಬೇಕೆಂದು ಹೇಳುವುದಕ್ಕೆ ಕೋಶದೊಳಗೆ ಪ್ರೋಟೀನುಗಳಿವೆ. ಅವುಗಳಲ್ಲಿ ಒಂದರ ಬೆನ್ನು ಹತ್ತಿದ್ದಳು ಪಾದರಸ. ಅದರ ನಿಜವಾದ ಹೆಸರು ಬರೀ ಅಕ್ಷರ, ಅಂಕಿ. ಲಾರಿ ನಂಬರಿನ ಹಾಗೆ. ಅದಕ್ಕೇ ಅವಳು ಅದಕ್ಕೆ 'ಮುಂದಾಳು' ಎಂದು ಹೆಸರಿಟ್ಟಿದ್ದಳು. ನಡೆಯುವ ಕೋಶದ ಮುಂದಿನ ಪಾದದ ಅಂಚಿನಲ್ಲಿ ಮುಂದಾಳು ನಿಂತಿರುತ್ತಾನೆ, ಅವನು ನಿಂತ ಕಡೆಗೇ ಪಾದ ಏಳುತ್ತದೆ ಎಂಬುದು ಅವಳ ವಾದ.

ವಾದವೇನೋ ಚೆನ್ನಾಗಿತ್ತು. ತೋರಿಸಬೇಕಲ್ಲ!

ತೋರಿಸುವುದಕ್ಕೆ ಬೇಕಾದದ್ದೇ ಆಂಟಿಬಾಡಿ. ಹಿಂದೆ ಯಾವಾಗಲೋ ಒಂದು ಮೊಲಕ್ಕೆ ಮುಂದಾಳುವಿನ ಚೂರೊಂದನ್ನು ಚುಚ್ಚಿದ್ದರು. ಮೊಲದ ಮೈ 'ಯಾರಪ್ಪಾ ಇವನು ಹೊಸಬ' ಎಂದು ಅವನ ಗುರುತು ಹಿಡಿದು, ಅವನನ್ನು ಕಂಡಲ್ಲಿ ತಬ್ಬಿ ಹಿಡಿಯುವಂಥ ಆಂಟಿಬಾಡಿಗಳನ್ನು ತಯಾರಿಸಿತ್ತು. ಮೊಲದ ರಕ್ತದಿಂದ ತೆಗೆದ ಆ ತಿಳಿಯನ್ನು ಕೋಶಗಳ ಮೇಲೆ ಹಾಕಿದರೆ ಅದು ಹೋಗಿ ಮುಂದಾಳುವನ್ನು ಹಿಡಿಯುತ್ತದೆ. ಆಮೇಲೆ ಹಸಿರಾಗಿ ಹೊಳೆಯುವ ಇನ್ನೊಂದು ಆಂಟಿಬಾಡಿ ಹಾಕಿದರೆ ಅದು ಹೋಗಿ ಮೊದಲನೆಯದನ್ನು ಹಿಡಿಯುತ್ತದೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಮುಂದಾಳು ಇದ್ದಲ್ಲೆಲ್ಲ ಹಸಿರು ಬೆಳಕು.

ಇಷ್ಟನ್ನೂ ಸೊಸೆ ಕೈ ತಿರುಗಿಸಿ ತಿರುಗಿಸಿ ಹೇಳಿದ ಮೇಲೆಯೇ ಅತ್ತೆ ಮೊಲದ ಮಾತೆತ್ತಿದ್ದು. ಅತ್ತೆ ರಿಟೈರಾಗುವ ತನಕ ಟಾಕೀಸಿನಲ್ಲಿ ಟಾರ್ಚು ಹಿಡಿದು ಸೀಟು ತೋರಿಸುತ್ತಿದ್ದವರು.

"ಗೊತ್ತಾಯ್ತು ಬಿಡು" ಎಂದರು. "ಮೊದಲನೇದು ಕತ್ತಲಲ್ಲಿ ಹೋಗಿ ಆಸಾಮಿ ಹೆಗಲ ಮೇಲೆ ಕೈ ಇಡುತ್ತೆ. ಎರಡನೇದು ಟಾರ್ಚು ಬಿಡುತ್ತೆ."

"ಅಷ್ಟೇ ಅತ್ತೆ! ಅದನ್ನೇ ನಾನು ಪುಟಗಟ್ಟಲೆ ಬರೆದು ಬೈಸ್ಕೊಂಡಿದ್ದೀನಿ."

"ಮತ್ತೆ ಯಾಕೆ ಹೆದರಿಕೆ?"

"ಈ ಮೊಲದ್ದು ಒಂದು ಚಾಳಿ. ಸರಿಯಾದ ಆಸಾಮಿ ಹೆಗಲ ಮೇಲೂ ಕೈ ಇಡುತ್ತೆ, ಪಕ್ಕದೋರ ಮೇಲೂ ಇಡುತ್ತೆ. ಟಾರ್ಚು ಬಿಟ್ರೆ ಇಡೀ ಟಾಕೀಸೇ ಬೆಳಗುತ್ತೆ."

"ಅಯ್ಯೋ, ಹಾಗೆ ಮಾಡಿದ್ರೆ ನನ್ನನ್ನ ಒಂದೇ ದಿನಕ್ಕೆ ಮನೆಗೆ ಕಳಿಸ್ತಿದ್ರು!"

ಆ ಮೊಲಕ್ಕೆ ಇಲ್ಲಿ ಎಲ್ಲರೂ ಮುದುಕಿ ಎನ್ನುತ್ತಿದ್ದರು. ಅದು ವಯಸ್ಸಾಗಿ ಸತ್ತು ಯಾವ ಕಾಲವಾಯಿತೋ. ಅದರ ತಿಳಿ ಮಾತ್ರ ಪುಟಾಣಿ ಕೊಳವೆಗಳಲ್ಲಿ ಫ್ರೀಜರಿನಲ್ಲಿ ಉಳಿದಿತ್ತು. ಮುದುಕಿಯ ತಿಳಿಯೊಳಗೆ ಮುಂದಾಳುವನ್ನು ಹಿಡಿಯುವ ಒಳ್ಳೆಯ ಆಂಟಿಬಾಡಿಗಳ ಜೊತೆಗೆ, ಸಿಕ್ಕಿದ್ದಕ್ಕೆಲ್ಲ ಅಂಟುವ ಬೇವಾರ್ಸಿಗಳೂ ಸೇರಿದ್ದವು. ಹಾಗಾಗಿ ಚಿತ್ರವೆಲ್ಲ ಹಸಿರು ಮಂಜು. ಕಂಪನಿಗಳಿಂದ ತರಿಸಿದ ಹೊಸ ಆಂಟಿಬಾಡಿಗಳನ್ನೂ ನೋಡಿದ್ದಾಯಿತು. ಕೆಲವು ಎಲ್ಲಕ್ಕೂ ಅಂಟಿದವು, ಕೆಲವು ಯಾವುದಕ್ಕೂ ಅಂಟಲಿಲ್ಲ. ಪ್ರಯೋಗಾಲಯದ ಮುಖ್ಯಸ್ಥೆ ಹಳೆಯ ಚಿತ್ರಗಳನ್ನು ಬೆಳಕಿಗೆ ಹಿಡಿದು "ಇದು ಪಾದವೋ, ಪಾಚಿಯೋ?" ಎಂದು ಕೇಳಿದ್ದರು.

ಮುಖ್ಯಸ್ಥೆಯನ್ನು ಎಲ್ಲರೂ ಬರೀ ಮೇಡಂ ಎನ್ನುತ್ತಿದ್ದರು. ಮೇಡಂ ಕೂತದ್ದನ್ನು ಕಂಡವರಿಲ್ಲ. ನಿಂತೇ ಓದುವರು, ನಿಂತೇ ಊಟ ಮಾಡುವರು, ನಿಂತೇ ಬೈಯುವರು. ಮೊನ್ನೆ ನಿಂತೇ ತೀರ್ಪು ಕೊಟ್ಟಿದ್ದರು: ಈ ಸಂಜೆಯೊಳಗೆ ಒಂದು ಶುದ್ಧವಾದ ಚಿತ್ರ ಬರಬೇಕು. ಬಾರದಿದ್ದರೆ ಸೋಮವಾರದಿಂದ ಮುಂದಾಳುವಿನ ಕೆಲಸ ಬಂದ್; ಪಾದರಸ ಕೆಳಗಿನ ಮಹಡಿಯ ಯೀಸ್ಟಿನ ಗುಂಪಿಗೆ ಸೇರಬೇಕು.

ಯೀಸ್ಟು ನಡೆಯುವುದಿಲ್ಲ. ಹುಟ್ಟಿದಲ್ಲೇ ಕೂತಿರುತ್ತದೆ. ಪಾದರಸಕ್ಕೆ ಇದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾರೂ ಯೋಚಿಸಿ ಕೂಡ ಕೊಡಲಾರರು. ಮುದುಕಿಯ ತಿಳಿ ಈಗ ಒಂದೇ ಒಂದು ಹನಿ ಉಳಿದಿತ್ತು. ಮಂಜುಗಡ್ಡೆಯ ಡಬ್ಬಿಯಲ್ಲಿ ಕೊಳವೆ ಮೆಲ್ಲಗೆ ಕರಗುತ್ತ ಕೂತಿತ್ತು, ಅವಳ ನಗು ಒಳಗೊಳಗೇ ಕುದಿಯುತ್ತಿತ್ತು.

"ಕಂಟ್ರೋಲ್ ಎಲ್ಲಿ?"

ಪಕ್ಕದ ಮೇಜಿನಿಂದ ಬಂದ ಈ ದನಿ ಅವಳ ಸಹೋದ್ಯೋಗಿಯದು. ಯಾರು ಏನೇ ತೋರಿಸಲಿ, 'ಹೋಲಿಸಿ ನೋಡೋದಕ್ಕೆ ಇನ್ನೊಂದು ಎಲ್ಲಿ' ಎಂಬುದೇ ಅವನ ಮೊದಲ ಪ್ರಶ್ನೆ. ಗುಮಾಸ್ತರೊಬ್ಬರು ಹೊಸ ಎಣ್ಣೆಯಿಂದ ತಲೆಯಲ್ಲಿ ಕೂದಲು ಬರುತ್ತಿದೆ ಎಂದು ಸಂಭ್ರಮಪಟ್ಟಾಗ, "ಅರ್ಧ ತಲೆಗೆ ಮಾತ್ರ ಹಚ್ಚಬೇಕಿತ್ತು ಸಾರ್" ಎಂದಿದ್ದ. ಅಂದಿನಿಂದ ಅವನ ಹೆಸರೇ ಕಂಟ್ರೋಲ್.

"ನಿನ್ನ ಕಂಟ್ರೋಲೂ ಇಲ್ಲೇ ಇದೆ ಮಾರಾಯ" ಎಂದು ಪಾದರಸ ಅಂಗೈಯಗಲದ ಎರಡು ಗಾಜಿನ ತಟ್ಟೆಗಳನ್ನು ತೋರಿಸಿದಳು. ಒಂದರ ಮುಚ್ಚಳದ ಮೇಲೆ ಅವಳ ಅವಸರದ ಅಕ್ಷರದಲ್ಲಿ 'ಇದೆ' ಎಂದಿತ್ತು: ಮುಂದಾಳು ಇರುವ ಮಾಮೂಲಿ ಕೋಶಗಳು. ಇನ್ನೊಂದರ ಮುಚ್ಚಳದಲ್ಲಿ 'ಇಲ್ಲ': ಮುಂದಾಳುವಿನ ಜೀನನ್ನೇ ಕತ್ತರಿಸಿ ತೆಗೆದು ಕಂಟ್ರೋಲ್ ಬೆಳೆಸಿಕೊಟ್ಟ ಕೋಶಗಳು. ಎರಡು ತಟ್ಟೆಗಳಲ್ಲೂ ನಡುವೆ ಒಂದು ಗೀರು ಎಳೆದು, ಕೋಶಗಳಿಗೆ ನಡೆಯಲು ಹೊತ್ತು ಕೊಟ್ಟು, ಆಮೇಲೆ ಔಷಧಿ ಹಾಕಿ ಇದ್ದವರನ್ನು ಇದ್ದ ಹಾಗೇ ನಿಲ್ಲಿಸಿದ್ದಾಗಿತ್ತು.

"ಆದ್ರೆ ಹನಿ ಒಂದು ತಟ್ಟೆಗೆ ಸಾಕಾಗೋಷ್ಟೇ ಇದೆ ಕಣೋ."

"ಒಂದಕ್ಕೆ ಹಾಕು. ಅದರ ಕೆಲಸ ಆದ್ಮೇಲೆ ಹೀರ್ಕೊಂಡು ಇನ್ನೊಂದಕ್ಕೆ ಹಾಕು. ಹೇಗಿದ್ರೂ ಯಾರೂ ಚೆಲ್ಲಲ್ಲವಲ್ಲ."

ಅದು ನಿಜ. ಬಳಸಿದ ಆಂಟಿಬಾಡಿಯನ್ನು ಚೆಲ್ಲದೆ ಮತ್ತೆ ಕೊಳವೆಗೆ ತುಂಬಿ ಫ್ರಿಜ್ಜಿನಲ್ಲಿಟ್ಟು ಇನ್ನೊಮ್ಮೆ, ಮತ್ತೊಮ್ಮೆ ಬಳಸುವುದು ಇಲ್ಲಿನವರೆಲ್ಲರ ರೂಢಿ.

"ಸರಿ. ಮೊದಲು ಇರೋರಿಗೆ, ಆಮೇಲೆ ಇಲ್ಲದೋರಿಗೆ" ಎಂದಳು ಪಾದರಸ.

"ಪ್ರಪಂಚದಲ್ಲೆಲ್ಲಾ ಹಾಗೇ ತಾನೇ" ಎಂದರು ಅತ್ತೆ ಗೆರೆಯಾಚೆಯಿಂದ.

ಪಾದರಸ ಎರಡೂ ತಟ್ಟೆಗಳ ಮುಚ್ಚಳ ತೆಗೆದು ಕಾಗದದ ಮೇಲೆ ಅಕ್ಕಪಕ್ಕ ಮಗುಚಿಟ್ಟು, ಕೋಶಗಳನ್ನು ತೊಳೆಯತೊಡಗಿದಳು. ಪಿಪೆಟ್ಟಿನಿಂದ ನೀರು ಬಿಡುವುದು, ಹೀರುವುದು, ಬಿಡುವುದು, ಹೀರುವುದು. ಅತ್ತೆಗೆ ಅದು ಬೇಸರವಾಯಿತು.

"ಅದಿರಲಿ, ಕಾಲೇ ಇಲ್ಲದ್ದು ನಡೆಯೋದು ಹೇಗೆ?"

"ಈಗ ನೀವೇ ಒಂದು ಕೋಶ ಅಂದ್ಕೊಳಿ ಅತ್ತೆ. ಏಳಬೇಡಿ! ಕೂತ್ಕೊಂಡೇ ಒಂದು ಕಾಲು ಮುಂದಕ್ಕೆ ಚಾಚಿ. ಹಾಂ. ಹಿಮ್ಮಡಿ ಗಟ್ಟಿಯಾಗಿ ಊರಿ. ಈಗ ಅದರ ಆಸರೆ ಹಿಡಿದು ಕುರ್ಚಿ ಸಮೇತ ಮೈ ಎಳ್ಕೊಳಿ."

ಅತ್ತೆ ನೀಲಿ ಚಪ್ಪಲಿಯ ಕಾಲು ಚಾಚಿದರು, ಊರಿದರು, ಎಳೆದುಕೊಂಡರು. ಕುರ್ಚಿಯ ಹಿಂದಿನ ಚಕ್ರ ಕಿರ್ರ್ ಎಂದಿತು. ಅತ್ತೆ ಒಂದು ಮಾರು ಮುಂದೆ ಬಂದಿದ್ದರು.

"ಗೆರೆ! ಗೆರೆ!" ಎಂದು ಕಂಟ್ರೋಲ್ ಕೂಗಿಕೊಂಡ.

"ಬ್ರೇಕ್ ಎಲ್ಲಿದೆಯೋ ಇದಕ್ಕೆ!"

"ಅದೇ ಅತ್ತೆ ನಡಿಗೆ! ಪಾದ ಚಾಚೋದು, ಅಂಟಿಸೋದು, ಹಿಂದಿನದನ್ನ ಎಳ್ಕೊಳೋದು. ಈಗ ಮುಂದಾಳು ಇಲ್ಲ ಅಂದ್ಕೊಳಿ. ಎರಡು ಕಾಲನ್ನೂ ಎರಡು ಕಡೆಗೆ ಚಾಚಿ ಎಳೀರಿ."

ಅತ್ತೆ ಹಿಂದೆ ಸರಿದು, ಎರಡು ಕಾಲನ್ನೂ ಎಡಕ್ಕೊಂದು ಬಲಕ್ಕೊಂದು ಚಾಚಿ ಬಲ ಹಾಕಿದರು. ಕುರ್ಚಿ ಎಲ್ಲಿಗೂ ಹೋಗಲಿಲ್ಲ. ನಿಂತಲ್ಲೇ ಗಿರಕಿ ಹೊಡೆಯಿತು. ಕಂದು ಚಪ್ಪಲಿ ಹಾರಿ ಹೋಗಿ ಬೆಂಕಿ ಆರಿಸುವ ಕೆಂಪು ಸಿಲಿಂಡರಿಗೆ ಬಡಿಯಿತು. ಪಾದರಸ ಮೇಜಿಗೆ ಆತುಕೊಂಡು ಬಿದ್ದು ಬಿದ್ದು ನಕ್ಕಳು. ಕೈಗವಸಿನಲ್ಲಿ ಕಣ್ಣು ಒರೆಸುವಂತಿಲ್ಲವಾದ್ದರಿಂದ ಮೊಣಕೈಯಲ್ಲಿ ಒರೆಸಿಕೊಳ್ಳುತ್ತ, ಮಸುಕುಗಣ್ಣಲ್ಲೇ ಮುಚ್ಚಳಗಳನ್ನೆತ್ತಿ ತಟ್ಟೆಗಳಿಗೆ ಮುಚ್ಚಿದಳು.

ನಗು ತಹಬಂದಿಗೆ ಬಂದ ಮೇಲೆ ಮುದುಕಿಯ ಕೊನೇ ಹನಿಯನ್ನು ಅಳತೆಯ ನೀರಿಗೆ ಬೆರೆಸಿ, ಉಸಿರು ಬಿಗಿಹಿಡಿದು, 'ಇದೆ' ಎಂಬ ತಟ್ಟೆಗೆ ಬಿಟ್ಟಳು. ಇನ್ನು ಅದು ಒಳಗೆ ಹೋಗಿ ಹುಡುಕಿ ಹಿಡಿಯುವ ತನಕ ಕಾಯಬೇಕು.

ಕಾಯುವ ಹೊತ್ತಿನಲ್ಲಿ ಅತ್ತೆ ಸೊಸೆ ಕಾರಿಡಾರಿನ ಬೆಂಚಿನಲ್ಲಿ ಒಂದೇ ಡಬ್ಬಿಯಿಂದ ಊಟ ಮಾಡಿದರು.

"ಬರಲಿಲ್ಲ ಅಂದ್ರೆ?" ಎಂದು ಅತ್ತೆ ದನಿ ತಗ್ಗಿಸಿ ಕೇಳಿದರು.

"ಯೀಸ್ಟು ಅತ್ತೆ."

"ಅದು ಏನ್ಮಾಡುತ್ತೆ?"

"ಉಬ್ಬುತ್ತೆ."

"ಆಮೇಲೆ?"

"ಇನ್ನೂ ಉಬ್ಬುತ್ತೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಅಷ್ಟೇ ಸಾಕಾಯಿತು. ತುತ್ತು ನೆತ್ತಿಗೇರಿ, ಒಬ್ಬರ ಬೆನ್ನನ್ನು ಇನ್ನೊಬ್ಬರು ಗುದ್ದಿಕೊಳ್ಳುವ ಹಾಗಾಯಿತು. ನಗು ಇಳಿದಾಗ ಪಾದರಸ ಡಬ್ಬಿಯ ಮುಚ್ಚಳ ಒತ್ತಿ ಒತ್ತಿ ಹಾಕುತ್ತ, "ನನಗೆ ಅವನು ಅಲ್ಲಿದ್ದಾನೆ ಅಂತ ಗೊತ್ತು ಅತ್ತೆ. ಮಂಜಲ್ಲಿ ಒಂದೊಂದ್ಸಲ ಕಂಡ ಹಾಗಾಗುತ್ತೆ. ತೋರಿಸೋಕೆ ಆಗ್ತಿಲ್ಲ, ಅಷ್ಟೇ" ಎಂದಳು. ಅತ್ತೆ ಅವಳ ಕೋಟಿನ ಕಾಲರು ಸರಿಮಾಡಿದರು.

ಆಮೇಲಿನ ಕೆಲಸವೆಲ್ಲ ರೂಢಿಯಂತೆ ನಡೆಯಿತು. ಮೊದಲನೇ ತಟ್ಟೆಯಿಂದ ಮುದುಕಿಯನ್ನು ಹುಷಾರಾಗಿ ಹೀರಿ ಎರಡನೇ ತಟ್ಟೆಗೆ ಬಿಟ್ಟಳು. ಅಲ್ಲಿ ಅದರ ಹೊತ್ತು ಮುಗಿದ ಮೇಲೆ ಮತ್ತೆ ಹೀರಿ ಕೊಳವೆಗೆ ತುಂಬಿ ಫ್ರಿಜ್ಜಿನಲ್ಲಿಟ್ಟಳು. ಎರಡು ತಟ್ಟೆಗಳಿಗೂ ಹಸಿರು ಆಂಟಿಬಾಡಿ ಹಾಕಿದಳು, ತೊಳೆದಳು. ಈ ಸಲ ನಗು ಬರಬಾರದೆಂದು ಒಂದೊಂದೇ ತಟ್ಟೆಯ ಮುಚ್ಚಳ ತೆಗೆದು ಮುಚ್ಚಿದಳು.

ಮೈಕ್ರೋಸ್ಕೋಪಿನ ಕೋಣೆಗೆ ಕಿಟಕಿಯಿರಲಿಲ್ಲ. ಬಾಗಿಲಿಗೆ ಕಪ್ಪು ಪರದೆ, ಒಳಗೆ ಕಂಪ್ಯೂಟರಿನ ಪರದೆ, ಯಂತ್ರದ ಗುಂಯ್ ಸದ್ದು. ಅಲ್ಲಿ ಹಳದಿ ಗೆರೆಯೂ ಇಲ್ಲವಾದ್ದರಿಂದ ಅತ್ತೆಗೆ ಪ್ರವೇಶವಿತ್ತು. ಕತ್ತಲಲ್ಲಿ ಕಾಲಿಟ್ಟದ್ದೇ ಅವರಿಗೆ ತವರಿಗೆ ಬಂದಂತಾಯಿತು.

"ಬನ್ನಿ ಬನ್ನಿ, ಮೆಟ್ಟಿಲು ನೋಡ್ಕೊಂಡು" ಎಂದು ಕಂಟ್ರೋಲನ ರಟ್ಟೆ ಹಿಡಿದು ಸ್ಟೂಲಿನ ಮೇಲೆ ಕೂರಿಸಿದರು. ಮೆಟ್ಟಿಲು ಅಲ್ಲಿರಲೇ ಇಲ್ಲ.

ಪಾದರಸ 'ಇದೆ' ಎಂಬ ತಟ್ಟೆಯನ್ನಿಟ್ಟು ಬೆಳಕು ಬಿಟ್ಟಳು.

ಪರದೆಯ ತುಂಬ ಮಂಜು. ಕಪ್ಪೇ ಇಲ್ಲದ, ಅಂಚಿಲ್ಲದ ಹಸಿರು. ಅದೇ ಪಾಚಿ. ಹಿಂದಿನದಕ್ಕಿಂತ ಕೆಟ್ಟದಾಗಿತ್ತು, ಹಿಂದೆ ಆಗೊಮ್ಮೆ ಈಗೊಮ್ಮೆ ಕಂಡಂತಾಗುತ್ತಿದ್ದ ಮುಂದಾಳುವಿನ ಸುಳಿವೂ ಇರಲಿಲ್ಲ. ಅವಳು ತಟ್ಟೆಯನ್ನು ಆ ಕಡೆ ಸರಿಸಿದಳು, ಈ ಕಡೆ ಸರಿಸಿದಳು. ಎಲ್ಲೂ ಇಲ್ಲ.

ಅವಳ ಹೆಗಲು ಕುಲುಕತೊಡಗಿತು. ಕಂಟ್ರೋಲ್ ಅಳು ಎಂದುಕೊಂಡ. ಅತ್ತೆಗೆ ಗೊತ್ತಿತ್ತು, ನಗು. ಮೈ ನಡುಗಿಸುವಂಥ, ತಡೆಯಲಾಗದ ನಗು.

"ಮುಗೀತು" ಎಂದಳು ನಗುತ್ತಲೇ. "ಉಬ್ಬೋಕೆ ಹೊರಟೆ ನಾನು."

"ಇನ್ನೊಂದು ತಟ್ಟೆ?" ಎಂದರು ಅತ್ತೆ.

"ಅದರಲ್ಲಿ ಮುಂದಾಳು ಇಲ್ಲವೇ ಇಲ್ಲ ಅತ್ತೆ. ನೋಡೋದು ಏನಿದೆ?"

"ಎರಡನೇ ಆಟ ನೋಡದೆ ಎದ್ದು ಹೋಗೋ ಪೈಕಿ ಅಲ್ಲ ನಾನು. ಹಾಕು."

"ಕಂಟ್ರೋಲ್ ನೋಡ್ಲೇಬೇಕು" ಎಂದ ಕಂಟ್ರೋಲ್, ನೋವಿನ ದನಿಯಲ್ಲಿ. ಇಂಥ ಹೊತ್ತಲ್ಲೂ ಅವನಿಗೆ ಅದನ್ನು ಹೇಳದೆ ಇರಲಾಗಲಿಲ್ಲ.

ಪಾದರಸ 'ಇಲ್ಲ' ಎಂಬ ತಟ್ಟೆಯನ್ನಿಟ್ಟಳು. ಬೆಳಕು ಬಿಟ್ಟಳು.

ಕಡುಗಪ್ಪು ಪರದೆ. ನಡುವೆ ಬಯಲಿನಂಥ ಗೀರು. ಅದರ ಎರಡೂ ದಡದಿಂದ ಕೋಶಗಳು ಬೀಸಣಿಗೆಯಂತೆ ಪಾದ ಬಿಚ್ಚಿಕೊಂಡು ಬಯಲಿಗೆ ಇಳಿಯುತ್ತಿದ್ದವು. ಒಂದೊಂದು ಪಾದದ ಅಂಚಿಗೂ ಸೀರೆಗೆ ಜರಿ ಹಚ್ಚಿದ ಹಾಗೆ ತೆಳ್ಳನೆಯ, ಚೂಪಾದ, ಹಸಿರು ಗೆರೆ. ಒಳಗೆಲ್ಲ ಕತ್ತಲು, ಅಂಚಿನಲ್ಲಿ ಮಾತ್ರ ಬೆಳಕು.

"ಅಮ್ಮಯ್ಯಾ! ಎಷ್ಟು ಚೆನ್ನಾಗಿದ್ದಾನೆ!" ಎಂದರು ಅತ್ತೆ.

ಪಾದರಸದ ನಗು ಪಟ್ಟನೆ ನಿಂತಿತು. ಅವಳ ನಗು ಪೂರ್ತಿಯಾಗಿ ನಿಂತದ್ದು ಆ ದಿನ ಅದೇ ಮೊದಲು.

"ಇರಬಾರದು" ಎಂದಳು. "ಇವುಗಳಲ್ಲಿ ಅವನು ಇರಬಾರದು. ಜೀನೇ ತೆಗೆದಿದ್ದೀವಿ. ಇಲ್ಲದೋರಲ್ಲಿ ಕಾಣಿಸ್ತಿದ್ದಾನೆ, ಇರೋರಲ್ಲಿ ಕಾಣಿಸ್ತಿಲ್ಲ. ಅಂದ್ರೆ ಮುದುಕಿ ಇಷ್ಟು ದಿನವೂ ಸುಳ್ಳು ಹೇಳಿದ್ದಾಳೆ. ನಾನು ನೋಡಿದ್ದು ಯಾವತ್ತೂ ಮುಂದಾಳುವನ್ನೇ ಅಲ್ಲ."

ಯೀಸ್ಟು ಈಗ ಸಣ್ಣ ವಿಷಯವಾಯಿತು. ತಾನು ಬೆನ್ನು ಹತ್ತಿದವನು ಬೇರೆ ಯಾರೋ ಎಂದಾದರೆ, ಓಡಿದ ಓಟವೆಲ್ಲ ಏನಾಯಿತು?

ಕಂಟ್ರೋಲ್ ಸ್ಟೂಲಿನಿಂದ ಎದ್ದು ಪರದೆಗೆ ಮೂಗು ತಾಗಿಸುವಷ್ಟು ಹತ್ತಿರ ಹೋಗಿದ್ದ. "ಇವು ನಮ್ಮನೆ ಮಕ್ಕಳಲ್ಲ" ಎಂದ ಕೊನೆಗೆ.

"ಏನು?"

"ನಾನು ಬೆಳೆಸಿದ ಕೋಶಗಳು ಹೀಗೆ ಬೀಸಣಿಗೆ ಬಿಚ್ಚೋದೇ ಇಲ್ಲ. ಅಮ್ಮ ಆವಾಗ ಗಿರಕಿ ಹೊಡೆದ್ರಲ್ಲ, ಹಾಗೆ ಎಲ್ಲಾ ಕಡೆ ಎಳೆದಾಡಿ ಗುಂಡಿ ಥರ ದುಂಡಗೆ ಕೂತ್ಬಿಡ್ತವೆ. ಇವು ನೆಟ್ಟಗೆ ನಡೀತಿವೆ. ಪಾದರಸ, ಆ ಮೊದಲನೇ ತಟ್ಟೇಲಿದ್ದವು ದುಂಡಗಿದ್ವು. ಮಂಜಲ್ಲಿ ನಾವು ಗಮನಿಸ್ಲಿಲ್ಲ."

"ಮುಚ್ಚಳದ ಮೇಲೆ ಬರೆದಿದ್ದೀನಲ್ಲೋ—" ಎಂದು ಶುರುಮಾಡಿದ ಪಾದರಸ ಅಲ್ಲೇ ನಿಂತಳು.

ಮುಚ್ಚಳದ ಮೇಲೆ ಬರೆಯಬಾರದು, ತಟ್ಟೆಯ ಮೈಮೇಲೆ ಬರೆಯಬೇಕು ಎಂಬುದು ಈ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನವೇ ಹೇಳಿಕೊಡುವ ಪಾಠ. ಮುಚ್ಚಳ ಯಾವ ತಟ್ಟೆಗಾದರೂ ಕೂರುತ್ತದೆ. ಎಲ್ಲರಿಗೂ ಗೊತ್ತು, ಮತ್ತು ಅವಸರದಲ್ಲಿ ಎಲ್ಲರೂ ಮುಚ್ಚಳದ ಮೇಲೇ ಬರೆಯುತ್ತಾರೆ. ಬರೆಯದವನು ಒಬ್ಬನೇ.

"ನೀನು ತಳಕ್ಕೆ ಗುರುತು ಹಾಕಿದ್ದೀಯಾ?" ಎಂದಳು ಅವನ ಕಡೆ ತಿರುಗಿ.

"ಹಾಕದೆ ಇರ್ತೀನಾ?"

ಮೊದಲನೇ ತಟ್ಟೆಯನ್ನು ಎತ್ತಿ ತಲೆಯ ಮೇಲೆ ಹಿಡಿದು ಕೆಳಗಿನಿಂದ ನೋಡಿದರು. ಕತ್ತಲು. ಅತ್ತೆ ಫೋನಿನ ಟಾರ್ಚು ಹಾಕಿ, ಬಲಗೈ ಮಣಿಕಟ್ಟನ್ನು ಹಳೇ ಅಭ್ಯಾಸದಂತೆ ತುಸು ತಿರುಗಿಸಿ, ಬೆಳಕನ್ನು ನೆಟ್ಟಗೆ ತಟ್ಟೆಯ ತಳಕ್ಕೆ ಬಿಟ್ಟರು. ಅಂಚಿನಲ್ಲಿ ಸೂಜಿಮೊನೆಯಷ್ಟು ಸಣ್ಣ ಕಪ್ಪು ಚುಕ್ಕೆ, ಪಕ್ಕದಲ್ಲೇ ಕಂಟ್ರೋಲನ ಇರುವೆಯಂಥ ಅಕ್ಷರ: ಇಲ್ಲ. ಮುಚ್ಚಳದ ಮೇಲೆ ಮಾತ್ರ ಪಾದರಸದ ದಪ್ಪಕ್ಷರ: ಇದೆ.

"ಅದಲು ಬದಲು!" ಎಂದು ಅವಳು ಕಿರುಚಿದಳು. "ನಗ್ತಾ ನಗ್ತಾ ಮುಚ್ಚಳ ಅದಲು ಬದಲು ಮಾಡಿದ್ದೀನಿ!"

"ಅದಕ್ಕೇನಂತೆ, ನಾನೂ ಚಪ್ಪಲಿ ಹಾಗೇ ಹಾಕ್ಕೊಂಡು ಬಂದಿಲ್ವಾ" ಎಂದರು ಅತ್ತೆ.

"ಹಾಗಾದ್ರೆ ಇಲ್ಲಿ ಹೊಳೀತಿರೋದು ನಿಜವಾದ ಮುಂದಾಳುವೇ. ಇರೋರಲ್ಲೇ ಕಾಣಿಸ್ತಿದ್ದಾನೆ!" ಆದರೆ ಅವಳ ಹುಬ್ಬು ಮತ್ತೆ ಗಂಟಾಯಿತು. "ಮಂಜೆಲ್ಲಿ ಹೋಯ್ತು? ಅದೇ ಮುದುಕಿ, ಅದೇ ಹನಿ. ಇಷ್ಟು ದಿನ ಇದ್ದ ಮಂಜು ಈವತ್ತು ಯಾಕಿಲ್ಲ?"

ಕಂಟ್ರೋಲ್ ಬಾಯಿ ತೆರೆದ. ಅವಳು ಕೈ ಅಡ್ಡ ಹಿಡಿದಳು. ಕತ್ತಲ ಕೋಣೆಯಲ್ಲಿ ಮೂರು ಹೆಜ್ಜೆ ಆ ಕಡೆ, ಮೂರು ಹೆಜ್ಜೆ ಈ ಕಡೆ ನಡೆದಳು; ಕೂತು ಯೋಚಿಸುವುದು ಅವಳಿಗೆ ಬಾರದು.

"ಮೊದಲು ಯಾವ ತಟ್ಟೆಗೆ ಹಾಕ್ದೆ ನಾನು? ಮುಂದಾಳು ಇಲ್ಲದ ತಟ್ಟೆಗೆ. ಅಲ್ಲಿ ಒಳ್ಳೇ ಆಂಟಿಬಾಡಿಗಳಿಗೆ ಹಿಡ್ಕೊಳೋಕೆ ಯಾರೂ ಸಿಗ್ಲಿಲ್ಲ, ಸುಮ್ನೆ ತೇಲಾಡ್ತಾ ಇದ್ವು. ಆದ್ರೆ ಆ ಬೇವಾರ್ಸಿಗಳು, ಸಿಕ್ಕಿದ್ದಕ್ಕೆಲ್ಲ ಅಂಟೋವು..."

"ಅಲ್ಲೇ ಅಂಟ್ಕೊಂಡು ಉಳಿದ್ವು" ಎಂದ ಕಂಟ್ರೋಲ್.

"ಉಳಿದ್ವು! ಮಂಜೆಲ್ಲ ನಿನ್ನ ತಟ್ಟೇಲೇ ಉಳೀತು. ನಾನು ಹೀರ್ಕೊಂಡು ತಂದಿದ್ದು ಬರೀ ಒಳ್ಳೇವನ್ನ. ಮುದುಕಿ ಸುಳ್ಳು ಹೇಳಿಲ್ಲ ಕಣೋ, ಅವಳನ್ನ ಒಂದ್ಸಲ ಸೋಸಬೇಕಾಗಿತ್ತು ಅಷ್ಟೇ!"

"ಅಂದ್ರೆ" ಎಂದರು ಅತ್ತೆ ನಿಧಾನಕ್ಕೆ, "ಮೊದಲು ಇಲ್ಲದೋರಿಗೆ ಕೊಟ್ಟಿದ್ದಕ್ಕೆ ಸರಿಹೋಯ್ತು."

ಆಮೇಲೆ ಆ ಕೋಣೆಯಲ್ಲಿ ಏನಾಯಿತೆಂದು ಹೇಳುವುದು ಕಷ್ಟ. ಅತ್ತೆ ಸೊಸೆ ಕೈ ಕೈ ಹಿಡಿದು ಕುಣಿದರು, ಕಂಟ್ರೋಲ್ ಮೊದಲನೇ ತಟ್ಟೆಯನ್ನು ಎದೆಗವಚಿಕೊಂಡು ಗೋಡೆಗೊರಗಿ "ಹುಷಾರು, ಹುಷಾರು" ಎಂದು ಬೇಡಿಕೊಳ್ಳುತ್ತಿದ್ದ, ಸ್ಟೂಲೊಂದು ಉರುಳಿತು. ಆ ಗದ್ದಲಕ್ಕೆ ಬಾಗಿಲ ಕಪ್ಪು ಪರದೆ ಸರಿಯಿತು. ಮೇಡಂ ನಿಂತಿದ್ದರು.

ಪಾದರಸ ಕೈ ಚಾಚಿ ಕಂಪ್ಯೂಟರಿನ ಪರದೆ ತೋರಿಸಿದಳು. ಮೇಡಂ ನಿಂತೇ ನೋಡಿದರು. ಬಹಳ ಹೊತ್ತು ನೋಡಿದರು. ಅಂಚಿನಿಂದ ಅಂಚಿಗೆ, ಪಾದದಿಂದ ಪಾದಕ್ಕೆ ಅವರ ಕಣ್ಣು ನಡೆಯುತ್ತಿತ್ತು.

"ಹೇಗೆ ಬಂತು?"

ಪಾದರಸ ಒಂದನ್ನೂ ಮುಚ್ಚಿಡದೆ ಹೇಳಿದಳು: ಕುರ್ಚಿ, ಗಿರಕಿ, ಚಪ್ಪಲಿ, ಮುಚ್ಚಳ, ಎಲ್ಲ. ಹೇಳುತ್ತ ಹೇಳುತ್ತ ನಗು ಬಂತು. ಮೇಡಂ ಎದುರು ಭಯವಾಯಿತೆಂದು ಇನ್ನೂ ನಗು ಬಂತು.

"ಮುಚ್ಚಳದ ಮೇಲೆ ಬರೆದಿದ್ದೀಯ" ಎಂದರು ಮೇಡಂ.

"ಹೌದು ಮೇಡಂ."

"ತಪ್ಪಿಂದ ಬಂದ ಚಿತ್ರ ಚಿತ್ರವಲ್ಲ. ಹನಿ ಉಳಿದಿದೆಯಾ?"

"ಮತ್ತೆ ಕೊಳವೆಗೆ ತುಂಬಿ ಇಟ್ಟಿದ್ದೀನಿ ಮೇಡಂ. ಚೆಲ್ಲಿಲ್ಲ."

"ಸರಿ. ಸೋಮವಾರ ಬಂದು ಇದೇ ತಪ್ಪನ್ನ ಬೇಕು ಬೇಕು ಅಂತ ಮಾಡು. ತಟ್ಟೆಗೆ ಗುರುತು ಹಾಕೋದು ಇವನು. ಮೊದಲು ಇಲ್ಲದ ಕೋಶಕ್ಕೆ, ಆಮೇಲೆ ಇರೋ ಕೋಶಕ್ಕೆ. ನಾನೇ ನಿಂತು ನೋಡ್ತೀನಿ."

"ಹಾಗಾದ್ರೆ... ಯೀಸ್ಟು?"

"ಯೀಸ್ಟು ಎಲ್ಲಿಗೂ ಹೋಗಲ್ಲ" ಎಂದರು ಮೇಡಂ. "ಅದಕ್ಕೇನು ಅವಸರ."

ಅತ್ತೆ ತಡೆಯಲಾರದೆ ಫಕ್ಕನೆ ನಕ್ಕುಬಿಟ್ಟರು. ಮೇಡಂ ಆಗಷ್ಟೇ ಅವರನ್ನು ಗಮನಿಸಿ ತಲೆಯಿಂದ ಕಾಲಿನವರೆಗೆ ನೋಡಿದರು. ಕಾಲಿನ ಹತ್ತಿರ ಕಣ್ಣು ಸ್ವಲ್ಪ ಹೆಚ್ಚು ಹೊತ್ತು ನಿಂತಿತು.

"ಇವರು?"

"ನಮ್ಮತ್ತೆ, ಮೇಡಂ. ಈವತ್ತಿನ ಕೋಶ."

"ಹೊರಗೆ ಆ ಕುರ್ಚಿ ಇದೆಯಲ್ಲ" ಎಂದರು ಅತ್ತೆ ಉತ್ಸಾಹದಿಂದ, "ಕೂತ್ಕೊಳಿ ಮೇಡಂ, ನಡೆಯೋದು ಹೇಗೆ ಅಂತ ನಾನೇ ತೋರಿಸ್ಕೊಡ್ತೀನಿ. ಒಂದು ಕಾಲು ಮುಂದಕ್ಕೆ ಚಾಚೋದು, ಹಿಮ್ಮಡಿ ಊರೋದು—"

"ಈ ಕೆಲಸಕ್ಕೆ ಸೇರಿದಾಗಿನಿಂದ ನಾನು ಅದನ್ನೇ ಓದ್ತಾ ಇದ್ದೀನಿ" ಎಂದರು ಮೇಡಂ. "ನಾನು ಕೂರಲ್ಲ."

ಸಂಜೆಯ ಬಿಸಿಲು ಕಾರಿಡಾರಿನ ಉದ್ದಕ್ಕೂ ಮಲಗಿತ್ತು. ಕಂಟ್ರೋಲ್ ಚಿತ್ರಗಳ ನಕಲು ತೆಗೆದು, ನಕಲಿನ ನಕಲು ತೆಗೆಯುತ್ತ ಒಳಗೇ ಉಳಿದ. ಅತ್ತೆ ಸೊಸೆ ಕೆಳಗಿಳಿದು ದೊಡ್ಡ ಬಾಗಿಲ ತನಕ ಬಂದಾಗ ಅತ್ತೆ ಸೆರಗು, ಸೊಂಟ, ಅಂಗೈ ಎಲ್ಲ ತಡಕಿಕೊಂಡು ನಿಂತರು.

"ಬೀಗದ ಕೈ!"

"ಅತ್ತೆ! ಬಂದಿದ್ದೇ ಅದಕ್ಕಲ್ವಾ?"

"ಆ ಕುರ್ಚಿ ಮೇಲೇ ಬಿಟ್ಟಿದ್ದೀನಿ ಕಣೇ. ಓಡು, ನಿನಗೇನು ಕಾಲಿಲ್ವಾ!"

ಪಾದರಸ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ ಹೋದಳು. ಪ್ರಯೋಗಾಲಯದ ಬಾಗಿಲು ತಳ್ಳಬೇಕೆನ್ನುವಷ್ಟರಲ್ಲಿ ಒಳಗಿನಿಂದ ಕಿರ್ರ್ ಎಂಬ ಸದ್ದು ಕೇಳಿ, ಬಾಗಿಲಿನ ಗಾಜಿನಲ್ಲಿ ಇಣುಕಿದಳು. ಒಳಗೆ ಬೇರೆ ಯಾರೂ ಇರಲಿಲ್ಲ. ಮೇಡಂ ಆ ಕುರ್ಚಿಯಲ್ಲಿ ಕೂತಿದ್ದರು. ಬೆನ್ನು ನೆಟ್ಟಗೆ, ಕನ್ನಡಕ ತಲೆಯ ಮೇಲೆ, ಪರೀಕ್ಷೆಗೆ ಕೂತವರ ಮುಖ. ಅವರು ಬಲಗಾಲನ್ನು ಮುಂದಕ್ಕೆ ಚಾಚಿ, ಹಿಮ್ಮಡಿ ಊರಿ, ಮೈ ಎಳೆದುಕೊಂಡರು. ಚಕ್ರ ಕಿರ್ರೆಂದಿತು. ಇನ್ನೊಮ್ಮೆ ಚಾಚಿದರು, ಊರಿದರು, ಎಳೆದುಕೊಂಡರು. ಕುರ್ಚಿ ಹಳದಿ ಗೆರೆಯನ್ನು ದಾಟಿ ಒಳಗೆ ಬಂತು, ಮತ್ತು ಬೀಗದ ಕೈ ಸೀಟಿನ ಅಂಚಿನಿಂದ ಜಾರಿ ಠಣ್ಣನೆ ನೆಲಕ್ಕೆ ಬಿತ್ತು.